ಫೋನ್ ಬಿಲ್ಲಿನಲ್ಲಿ ಕೇಳದ ಸೇವೆಗಳ ಶುಲ್ಕ: ಕಂಪನಿಯಿಂದ ಖಾಯಂ ತಡೆ ಹಾಕಿಸುವುದು ಹೇಗೆ?

ಕಿರುಗೆರೆ (ಪ್ರಶ್ನೆ)

ನಮ್ಮ ಮನೆಯ ಮೂರು ಮೊಬೈಲ್ ಸಂಖ್ಯೆಗಳು ನನ್ನ ಹೆಸರಿನ ಒಂದೇ ಪೋಸ್ಟ್‌ಪೇಯ್ಡ್ ಖಾತೆಯಲ್ಲಿವೆ. ಅವುಗಳಲ್ಲಿ ಒಂದನ್ನು ನನ್ನ ತಾಯಿ ಬಳಸುತ್ತಾರೆ. ಕೆಲವು ತಿಂಗಳಿಂದ ಅವರ ಸಂಖ್ಯೆಯ ಲೆಕ್ಕಕ್ಕೆ ‘ಕಂಟೆಂಟ್ ಸೇವೆ’ ಎಂಬ ಹೆಸರಿನಲ್ಲಿ ಒಂದು ಸಣ್ಣ ಮೊತ್ತ ಸೇರುತ್ತಿದೆ. ಮೊತ್ತ ಸಣ್ಣದಾದ್ದರಿಂದ ಒಟ್ಟು ಬಿಲ್ಲಿನಲ್ಲಿ ಅದು ಎದ್ದು ಕಾಣುವುದಿಲ್ಲ. ವಿವರವಾದ ಬಿಲ್ಲನ್ನು ಕಂಪನಿಯ ಜಾಲತಾಣದಿಂದ ಇಳಿಸಿಕೊಂಡು ಪುಟಪುಟವಾಗಿ ನೋಡಿದಾಗಲೇ ಆ ಸಾಲು ಕಣ್ಣಿಗೆ ಬಿದ್ದದ್ದು. ತಾಯಿಯವರು ಯಾವ ಆಟಕ್ಕಾಗಲಿ, ಹಾಡಿಗಾಗಲಿ, ದಿನಭವಿಷ್ಯದ ಸಂದೇಶಕ್ಕಾಗಲಿ ಚಂದಾದಾರರಾದವರಲ್ಲ. ಆ ಸೇವೆಯ ಹೆಸರನ್ನೇ ಅವರು ಕೇಳಿಲ್ಲ.

ಕಸ್ಟಮರ್ ಕೇರ್‌ಗೆ ಕರೆ ಮಾಡಿದಾಗ, ಇದು ನಮ್ಮ ಶುಲ್ಕವಲ್ಲ, ಬೇರೊಂದು ಸಂಸ್ಥೆಯ ಪರವಾಗಿ ವಸೂಲು ಮಾಡುತ್ತಿರುವ ಹಣ, ಆದ್ದರಿಂದ ಆ ಸಂಸ್ಥೆಯನ್ನೇ ವಿಚಾರಿಸಿ ಎಂದರು. ಅವರು ಕೊಟ್ಟ ಸಂಖ್ಯೆಯಲ್ಲಿ ಧ್ವನಿಮುದ್ರಿತ ಸಂದೇಶವೊಂದನ್ನು ಬಿಟ್ಟರೆ ಯಾರೂ ಮಾತಿಗೆ ಸಿಗುವುದಿಲ್ಲ. ಒತ್ತಾಯ ಮಾಡಿದ ಮೇಲೆ ಒಂದು ತಿಂಗಳ ಮೊತ್ತವನ್ನು ‘ಸೌಜನ್ಯಕ್ಕಾಗಿ’ ಹಿಂದಿರುಗಿಸಿ, ಸೇವೆಯನ್ನು ನಿಲ್ಲಿಸಿದ್ದೇವೆ ಎಂದು ತಿಳಿಸಿದರು. ಮುಂದಿನ ಬಿಲ್ಲಿನಲ್ಲಿ ಅದೇ ಬಗೆಯ ಶುಲ್ಕ ಬೇರೆ ಹೆಸರಿನಲ್ಲಿ ಬಂದು ಕುಳಿತಿದೆ.

ನಾನು ತಿಳಿಯಬಯಸುವುದು ಇಷ್ಟು. ಇಂಥ ಶುಲ್ಕಗಳು ಯಾವ ಹೆಸರಿನಲ್ಲಿಯೂ ಖಾತೆಯೊಳಗೆ ಬಾರದಂತೆ ಮಾಡಲು ಕಂಪನಿಯನ್ನು ಏನೆಂದು ಕೇಳಬೇಕು? ಒಪ್ಪದ ಮೊತ್ತವನ್ನು ಕಟ್ಟದೆ ಉಳಿಸಿಕೊಂಡರೆ ಸಂಪರ್ಕ ಕಡಿತವಾಗುವ ಅಪಾಯವಿದೆಯೇ? ಸಂಖ್ಯೆಯನ್ನೇ ಬದಲಾಯಿಸುವುದು ಪರಿಹಾರವಾದೀತೇ?

ಹಳೆಯ ಲೆಕ್ಕಿಗ

ನಾನು ಹಲವು ವರ್ಷ ಒಂದು ಫೋನ್ ಕಂಪನಿಯ ಬಿಲ್ಲಿಂಗ್ ತಕರಾರು ವಿಭಾಗದಲ್ಲಿ ಕೆಲಸ ಮಾಡಿದವನು. ನೀವು ವಿವರಿಸಿದ ಘಟನಾಕ್ರಮ, ಎರಡನೆಯ ಹೆಸರಿನಲ್ಲಿ ಶುಲ್ಕ ಮರಳಿ ಬಂದದ್ದೂ ಸೇರಿದಂತೆ, ಅಲ್ಲಿ ನಿತ್ಯ ಕಾಣುತ್ತಿದ್ದ ಸಂಗತಿ.

ಮೊದಲು ಹಣ ಹರಿಯುವ ದಾರಿಯನ್ನು ತಿಳಿದುಕೊಂಡರೆ ಏನು ಕೇಳಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಸೇವೆ ಮಾರುವವನಿಗೂ ಫೋನ್ ಕಂಪನಿಗೂ ಸಾಮಾನ್ಯವಾಗಿ ನೇರ ಸಂಬಂಧವಿರುವುದಿಲ್ಲ. ನಡುವೆ ಅಗ್ರಿಗೇಟರ್ ಎಂಬ ಮಧ್ಯವರ್ತಿ ಇರುತ್ತಾನೆ. ಒಬ್ಬ ಅಗ್ರಿಗೇಟರ್‌ನ ಕೆಳಗೆ ಹತ್ತಾರು ಮಾರಾಟಗಾರರು, ಒಬ್ಬೊಬ್ಬ ಮಾರಾಟಗಾರನ ಕೆಳಗೆ ಹಲವು ಹೆಸರಿನ ಸೇವೆಗಳು. ‘ಈ ಸಂಖ್ಯೆಯ ಗ್ರಾಹಕರು ಒಪ್ಪಿದ್ದಾರೆ, ಇಷ್ಟು ಹಣ ಹಾಕಿ’ ಎಂಬ ದಾಖಲೆ ಅಗ್ರಿಗೇಟರ್ ಕಡೆಯಿಂದ ಬರುತ್ತದೆ, ಕಂಪನಿಯ ವ್ಯವಸ್ಥೆ ಅದನ್ನು ನಂಬಿ ಬಿಲ್ಲಿಗೆ ಸೇರಿಸುತ್ತದೆ. ಒಪ್ಪಿಗೆ ನಿಜವಾಗಿಯೂ ಸಿಕ್ಕಿತ್ತೇ ಎಂದು ಆ ಹಂತದಲ್ಲಿ ಕೇಳುವವರು ಬಹಳ ಕಡೆ ಇರುವುದಿಲ್ಲ. ನಿಮ್ಮ ದೂರಿನ ಮೇಲೆ ಅವರು ನಿಲ್ಲಿಸಿದ್ದು ಒಂದು ಹೆಸರಿನ ಸೇವೆಯನ್ನು ಮಾತ್ರ. ಆ ಸೇವೆ ಬಂದ ಬಾಗಿಲು ತೆರೆದೇ ಇತ್ತು. ಆದ್ದರಿಂದ ಹೆಸರು ಹಿಡಿದು ಸೇವೆ ನಿಲ್ಲಿಸುವ ಕೋರಿಕೆಗೆ ಹೆಚ್ಚಿನ ಬೆಲೆಯಿಲ್ಲ.

ಕೇಳಬೇಕಾದದ್ದು ಬೇರೆ: ‘ಈ ಖಾತೆಯ ಎಲ್ಲ ಸಂಖ್ಯೆಗಳ ಮೇಲೂ ಥರ್ಡ್ ಪಾರ್ಟಿ ಬಿಲ್ಲಿಂಗ್ ಅನ್ನು ಬ್ಲಾಕ್ ಮಾಡಿ’ ಎಂದು, ಅಂದರೆ ಹೊರಗಿನವರ ಶುಲ್ಕ ಬಿಲ್ಲಿಗೆ ಸೇರುವುದನ್ನೇ ತಡೆಯಿರಿ ಎಂದು. ಈ ಪದಗಳನ್ನೇ ಬಳಸಿ. ‘ಮೋಸದ ಶುಲ್ಕ ನಿಲ್ಲಿಸಿ’ ಎಂದರೆ ಕರೆ ಸ್ವೀಕರಿಸಿದವರು ತಮ್ಮ ಪರದೆಯಲ್ಲಿ ಕಾಣುವ ಚಂದಾವನ್ನು ರದ್ದುಮಾಡಿ ಕೈ ತೊಳೆದುಕೊಳ್ಳುತ್ತಾರೆ, ಏಕೆಂದರೆ ಅವರಿಗೆ ಕೊಟ್ಟಿರುವ ಗುಂಡಿ ಅದೊಂದೇ. ತಡೆ ಹಾಕುವುದು ಹಲವು ಕಂಪನಿಗಳಲ್ಲಿ ಮೇಲಿನ ಹಂತದವರ ಕೆಲಸ. ಮೊದಲ ಹಂತದವರು ‘ಅಂಥ ಸೌಲಭ್ಯವಿಲ್ಲ’ ಎಂದರೆ ಅದು ಕಂಪನಿಯ ಉತ್ತರ ಎಂದು ತಿಳಿಯಬೇಡಿ, ಅವರ ಪರದೆಯ ಉತ್ತರ ಎಂದು ತಿಳಿಯಿರಿ, ಮತ್ತು ಮೇಲ್ವಿಚಾರಕರಿಗೆ ಕರೆಯನ್ನು ವರ್ಗಾಯಿಸಲು ಹೇಳಿ.

ಇಲ್ಲಿ ಇನ್ನೊಂದು ತೊಡಕಿದೆ. ಹೊರಗಿನವರ ಶುಲ್ಕ ಬರುವ ದಾರಿ ಒಂದಲ್ಲ. ಶಾರ್ಟ್ ಕೋಡ್‌ನಿಂದ (ಕೆಲವೇ ಅಂಕಿಗಳ ಸಂಖ್ಯೆಯಿಂದ) ಬರುವ ಪ್ರೀಮಿಯಂ ಎಸ್‌ಎಂಎಸ್, ಅಂದರೆ ಹೆಚ್ಚಿನ ದರದ ಸಂದೇಶ, ಒಂದು ದಾರಿ. ಜಾಲಪುಟ ಅಥವಾ ಆಪ್‌ನಲ್ಲಿ ಒತ್ತಿದ ಗುಂಡಿಯ ಮೂಲಕ ಬಿಲ್ಲಿಗೆ ಬೀಳುವ ಡೈರೆಕ್ಟ್ ಕ್ಯಾರಿಯರ್ ಬಿಲ್ಲಿಂಗ್ ಎರಡನೆಯದು. ನಿಮಿಷಕ್ಕೆ ಹೆಚ್ಚಿನ ದರವಿರುವ ಸಂಖ್ಯೆಗಳಿಗೆ ಮತ್ತು ವಿದೇಶಗಳಿಗೆ ಹೋಗುವ ಕರೆ ಮೂರನೆಯದು. ಒಂದೇ ರಿಂಗ್ ಕೊಟ್ಟು ಕಡಿದುಹೋಗುವ ಅಪರಿಚಿತ ವಿದೇಶಿ ಸಂಖ್ಯೆಗೆ ತಿರುಗಿ ಕರೆ ಮಾಡಿದವರ ಹಣ ಹೋಗುವುದು ಈ ದಾರಿಯಲ್ಲಿ. ಕಂಪನಿಯ ವ್ಯವಸ್ಥೆಯಲ್ಲಿ ಇವಕ್ಕೆ ಬೇರೆ ಬೇರೆ ಸ್ವಿಚ್‌ಗಳಿರುವುದೇ ಹೆಚ್ಚು. ಒಂದನ್ನು ಮಾತ್ರ ಆಫ್ ಮಾಡಿ ‘ಎಲ್ಲವೂ ಆಯಿತು’ ಎಂದು ಹೇಳಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ, ಉಳಿದವು ಇವೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಆದ್ದರಿಂದ ಒಂದೊಂದನ್ನೂ ಹೆಸರು ಹೇಳಿ ಕೇಳಿ, ಮೂರೂ ಸಂಖ್ಯೆಗಳಿಗೆ ಕೇಳಿ. ತಡೆಯನ್ನು ಖಾತೆಗೆ ಹಾಕುವುದು ಕೆಲವು ಕಂಪನಿಗಳ ಪದ್ಧತಿ, ಪ್ರತಿ ಸಂಖ್ಯೆಗೂ ಪ್ರತ್ಯೇಕವಾಗಿ ಹಾಕುವುದು ಇನ್ನು ಕೆಲವರ ಪದ್ಧತಿ. ಟ್ಯಾಬ್ಲೆಟ್‌ಗೋ ಡಾಂಗಲ್‌ಗೋ ಹಾಕಿದ ಡೇಟಾ ಸಿಮ್ ಇದ್ದರೆ ಅದಕ್ಕೂ ಒಂದು ಸಂಖ್ಯೆಯಿದೆ, ಅದರ ಮೇಲೆಯೂ ಶುಲ್ಕ ಬೀಳಬಹುದು ಎಂಬುದನ್ನು ಮರೆಯುವವರೇ ಹೆಚ್ಚು.

‘ಇದು ನಮ್ಮ ಶುಲ್ಕವಲ್ಲ’ ಎಂಬ ವಾದಕ್ಕೆ ಮಣಿಯಬೇಡಿ. ವಸೂಲಾದ ಹಣದಲ್ಲಿ ಫೋನ್ ಕಂಪನಿಗೆ ಪಾಲಿರುತ್ತದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಎಟಿ ಅಂಡ್ ಟಿ ಮತ್ತು ಟಿ-ಮೊಬೈಲ್ ಕಂಪನಿಗಳ ವಿರುದ್ಧ ಹೂಡಿದ ಪ್ರಕರಣಗಳಲ್ಲಿ, ಇಂಥ ಶುಲ್ಕದ ಶೇಕಡಾ 35 ಅಥವಾ ಅದಕ್ಕಿಂತ ಹೆಚ್ಚಿನ ಭಾಗ ಕಂಪನಿಯಲ್ಲೇ ಉಳಿಯುತ್ತಿತ್ತು ಎಂಬುದೂ ಒಂದು ಆರೋಪವಾಗಿತ್ತು. ಎಟಿ ಅಂಡ್ ಟಿ 10.5 ಕೋಟಿ ಡಾಲರ್‌ಗೆ, ಟಿ-ಮೊಬೈಲ್ ಕನಿಷ್ಠ 9 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡವು. ಆ ಹಣದ ದೊಡ್ಡ ಭಾಗ ಗ್ರಾಹಕರಿಗೆ ಮರುಪಾವತಿಗೆಂದೇ ಮೀಸಲಾಯಿತು. 2015ರಲ್ಲಿ ವೆರೈಝನ್ ಮತ್ತು ಸ್ಪ್ರಿಂಟ್ ಸರದಿ ಬಂತು. ಕೇವಲ ಅಂಚೆಯವನಂತೆ ಹಣ ಸಾಗಿಸುವ ಸಂಸ್ಥೆಯಾಗಿದ್ದರೆ ಇಷ್ಟು ತೆರಬೇಕಾಗಿ ಬರುತ್ತಿರಲಿಲ್ಲ. ನಿಮ್ಮ ಕರಾರು ಇರುವುದು ಫೋನ್ ಕಂಪನಿಯೊಂದಿಗೆ, ಬಿಲ್ಲು ಕೊಟ್ಟದ್ದು ಅದು, ಹಣ ಪಡೆದದ್ದು ಅದು. ಮಾರಾಟಗಾರನನ್ನು ಹುಡುಕುವ ಹೊಣೆ ಅದರದ್ದೇ ಹೊರತು ನಿಮ್ಮದಲ್ಲ.

ಕೊನೆಯದಾಗಿ, ‘ಸೌಜನ್ಯಕ್ಕಾಗಿ’ ಎಂದು ಕೊಟ್ಟ ಮರುಪಾವತಿಯ ಬಗ್ಗೆ ಒಂದು ಮಾತು. ಹಾಗೆ ಬರೆದರೆ ತಕರಾರು ದಾಖಲಾಗುವುದಿಲ್ಲ. ಕಂಪನಿ ತಪ್ಪನ್ನು ಒಪ್ಪಿದಂತಾಗುವುದಿಲ್ಲ, ಆ ಮಾರಾಟಗಾರನ ಮೇಲಿನ ದೂರುಗಳ ಲೆಕ್ಕಕ್ಕೂ ನಿಮ್ಮದು ಸೇರುವುದಿಲ್ಲ. ‘ಗ್ರಾಹಕರ ಒಪ್ಪಿಗೆಯಿಲ್ಲದ ಶುಲ್ಕ’ ಎಂದು ನಮೂದಿಸಿ ಮರುಪಾವತಿ ಮಾಡಲು ಹೇಳಿ.

ಜಾಲಗಾವಲು

ಹಳೆಯ ಲೆಕ್ಕಿಗರು ಕಂಪನಿಯ ಕಡೆಯದನ್ನು ಹೇಳಿದ್ದಾರೆ, ನಾನು ಫೋನಿನ ಕಡೆಯದನ್ನು ಸೇರಿಸುತ್ತೇನೆ.

ತಾಯಿಯವರು ಏನನ್ನೂ ಒಪ್ಪದೆಯೇ ಶುಲ್ಕ ಹೇಗೆ ಬಿತ್ತು ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಮೊಬೈಲ್ ಡೇಟಾದಲ್ಲಿದೆ. ವೈ-ಫೈ ಮೂಲಕ ಜಾಲಪುಟ ತೆರೆದಾಗ ಆ ಪುಟಕ್ಕೆ ನಿಮ್ಮ ಫೋನ್ ಸಂಖ್ಯೆ ತಿಳಿಯುವುದಿಲ್ಲ. ಮೊಬೈಲ್ ಡೇಟಾದಲ್ಲಿ ತೆರೆದಾಗ, ಕಂಪನಿಯೊಂದಿಗೆ ಒಪ್ಪಂದವಿರುವ ಪಾವತಿ ಪುಟಗಳಿಗೆ ಕಂಪನಿಯ ಜಾಲವೇ ಗ್ರಾಹಕರ ಗುರುತನ್ನು ಒದಗಿಸುವ ವ್ಯವಸ್ಥೆಯಿದೆ. ಅಂಥ ಪುಟದಲ್ಲಿ ಸಂಖ್ಯೆಯನ್ನಾಗಲಿ ಕಾರ್ಡಿನ ವಿವರವನ್ನಾಗಲಿ ಬರೆಯಬೇಕಿಲ್ಲ, ಒಂದೆರಡು ಸಲ ಪರದೆ ಮುಟ್ಟಿದರೆ ಚಂದಾ ಆರಂಭವಾಗುತ್ತದೆ. ಜಾಹೀರಾತು ಮುಚ್ಚುವ ಗುಂಡಿಯ ಹಿಂದೆ ಒಪ್ಪಿಗೆಯ ಗುಂಡಿಯನ್ನು ಅಡಗಿಸಿಡುವುದು ಈ ದಂಧೆಯ ಹಳೆಯ ಚಾಳಿ. ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯ 2018ರಲ್ಲಿ ಟೆಲ್‌ಸ್ಟ್ರಾ ಕಂಪನಿಗೆ, ಮರುವರ್ಷ ಆಪ್ಟಸ್ ಕಂಪನಿಗೆ ತಲಾ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿದ್ದು ಈ ಬಗೆಯ ಬಿಲ್ಲಿಂಗ್‌ಗಾಗಿಯೇ.

ಇನ್ನೊಂದು ಸಾಧ್ಯತೆ ದುರುದ್ದೇಶದ ಆಪ್. ‘ಜೋಕರ್’ ಅಥವಾ ‘ಬ್ರೆಡ್’ ಎಂದು ಕರೆಯಲಾಗುವ ಕುತಂತ್ರಾಂಶದ ಕುಟುಂಬ ಇದಕ್ಕೆಂದೇ ಹುಟ್ಟಿದ್ದು. ಅದನ್ನು ಹೊತ್ತಿದ್ದ ಸುಮಾರು 1,700 ಆಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿದ್ದಾಗಿ ಗೂಗಲ್ 2020ರ ಜನವರಿಯಲ್ಲಿ ಹೇಳಿತ್ತು. ಈ ಬಗೆಯ ಆಪ್ ವೈ-ಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪಾವತಿ ಪುಟವನ್ನು ಮರೆಯಲ್ಲಿ ತೆರೆದು, ಬಂದ ಒಟಿಪಿಯನ್ನು ತಾನೇ ಓದಿ ಚಂದಾ ಮಾಡಿಬಿಡಬಲ್ಲದು. ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಎಸ್ ಓದುವ ಅನುಮತಿ ಮತ್ತು ನೋಟಿಫಿಕೇಶನ್ ಓದುವ ಅನುಮತಿ ಯಾವ ಯಾವ ಆಪ್‌ಗೆ ಇದೆಯೆಂದು ನೋಡಿ. ವಾಲ್‌ಪೇಪರ್, ಟಾರ್ಚ್, ಕೀಬೋರ್ಡ್‌ನ ಅಲಂಕಾರ, ಸ್ಕ್ಯಾನರ್ ಮುಂತಾದವು ಆ ಪಟ್ಟಿಯಲ್ಲಿದ್ದರೆ ಅನುಮಾನಿಸಿ ತೆಗೆದುಹಾಕಿ. ತೆಗೆಯುವ ಮುನ್ನ ಆಪ್‌ನ ಹೆಸರು ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ದೂರಿಗೆ ಅದು ಬೇಕಾಗುತ್ತದೆ. ಆಪ್ ತೆಗೆದಮಾತ್ರಕ್ಕೆ ಈಗಾಗಲೇ ಆರಂಭವಾಗಿರುವ ಚಂದಾ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ.

ಬಿಲ್ಲಿನಲ್ಲಿ ಶಾರ್ಟ್ ಕೋಡ್ ನಮೂದಾಗಿದ್ದರೆ ಆ ಕೋಡ್‌ಗೆ ಸ್ಟಾಪ್ ಎಂದು ಕಳುಹಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಕಳುಹಿಸಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಅಪರಿಚಿತ ಸಾಮಾನ್ಯ ಸಂಖ್ಯೆಯಿಂದ ಬಂದ ಸಂದೇಶಕ್ಕೆ ಮಾತ್ರ ಯಾವ ಉತ್ತರವೂ ಬೇಡ. ಅದರಿಂದ ನಿಮ್ಮ ಸಂಖ್ಯೆ ಬಳಕೆಯಲ್ಲಿದೆ ಎಂದು ಅವರಿಗೆ ಖಚಿತವಾಗುವುದಷ್ಟೇ ಲಾಭ.

ಮನವಿದಾರ

ದೂರವಾಣಿಯಲ್ಲಿ ಎಷ್ಟು ಮಾತನಾಡಿದರೂ ಕೊನೆಗೆ ಉಳಿಯುವುದು ಕಾಗದ. ಇಮೇಲ್ ಅಥವಾ ಕಂಪನಿಯ ಜಾಲತಾಣದ ದೂರು ನಮೂನೆಯ ಮೂಲಕ ಬರೆದು ಕೊಡಿ, ದೂರು ಸಂಖ್ಯೆಯನ್ನು ತೆಗೆದಿಟ್ಟುಕೊಳ್ಳಿ. ಹಲವರು ಪತ್ರದಲ್ಲಿ ತಮಗಾದ ಬೇಸರವನ್ನು ಎರಡು ಪುಟ ಬರೆದು ಬೇಡಿಕೆಯನ್ನು ಕೊನೆಯ ಸಾಲಿಗೆ ದೂಡುತ್ತಾರೆ. ಓದುವವರು ಅಲ್ಲಿಯವರೆಗೆ ಬರುವುದಿಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ನನ್ನ ಮೇಲ್ಕಂಡ ಖಾತೆಯ ಇಂಥ ಸಂಖ್ಯೆಯ ಮೇಲೆ ಇಂಥ ತಿಂಗಳುಗಳ ಬಿಲ್ಲುಗಳಲ್ಲಿ ಗುರುತು ಹಾಕಿ ಲಗತ್ತಿಸಿರುವ ಶುಲ್ಕಗಳಿಗೆ ಖಾತೆದಾರನಾದ ನಾನಾಗಲಿ ಆ ಸಂಖ್ಯೆಯನ್ನು ಬಳಸುವವರಾಗಲಿ ಒಪ್ಪಿಗೆ ನೀಡಿಲ್ಲ. (1) ಈ ಎಲ್ಲ ಮೊತ್ತವನ್ನು ಒಪ್ಪಿಗೆಯಿಲ್ಲದ ಶುಲ್ಕವೆಂದು ದಾಖಲಿಸಿ ತೆರಿಗೆ ಸಹಿತ ಹಿಂದಿರುಗಿಸಬೇಕು. (2) ಒಪ್ಪಿಗೆ ದೊರೆತಿದೆ ಎಂದು ತಾವು ಭಾವಿಸುವುದಾದರೆ, ಅದು ದೊರೆತ ದಿನಾಂಕ, ಸಮಯ, ವಿಧಾನ ಮತ್ತು ದೃಢೀಕರಣದ ದಾಖಲೆಯ ಪ್ರತಿಯನ್ನು ಒದಗಿಸಬೇಕು. (3) ಖಾತೆಯ ಎಲ್ಲ ಸಂಖ್ಯೆಗಳ ಮೇಲೆ ಪ್ರೀಮಿಯಂ ಎಸ್‌ಎಂಎಸ್, ಡೈರೆಕ್ಟ್ ಕ್ಯಾರಿಯರ್ ಬಿಲ್ಲಿಂಗ್ ಮತ್ತು ಹೆಚ್ಚಿನ ದರದ ಕರೆಗಳಿಗೆ ತಡೆ ಹಾಕಿ, ಯಾವ ಸಂಖ್ಯೆಗೆ ಯಾವ ತಡೆ ಯಾವ ದಿನದಿಂದ ಜಾರಿಯಲ್ಲಿದೆ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಬೇಕು.’

ಈ ಮೂರರಲ್ಲಿ ಕಂಪನಿಯನ್ನು ನಿಜವಾಗಿ ಕದಲಿಸುವುದು ಎರಡನೆಯ ಬೇಡಿಕೆ. ಒಪ್ಪಿಗೆಯ ದಾಖಲೆಯನ್ನು ಕೊಡಬೇಕಾದರೆ ಅವರು ಅಗ್ರಿಗೇಟರ್‌ನನ್ನು ಕೇಳಬೇಕು, ಅಗ್ರಿಗೇಟರ್ ಮಾರಾಟಗಾರನನ್ನು ಕೇಳಬೇಕು; ಅಷ್ಟು ಶ್ರಮಕ್ಕಿಂತ ಹಣ ಹಿಂದಿರುಗಿಸುವುದೇ ಅವರಿಗೆ ಹಗುರ. ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲೇ ಇಂಥ ಹೆಚ್ಚುವರಿ ಚಂದಾ ಸೇವೆಗಳಿಗೆ (ಮೌಲ್ಯವರ್ಧಿತ ಸೇವೆಗಳಿಗೆ) ಎರಡು ಹಂತದ ದೃಢೀಕರಣವನ್ನು ಕಡ್ಡಾಯಗೊಳಿಸಿತು, ಅವನ್ನು ನಿಲ್ಲಿಸಲು 155223 ಎಂಬ ಸಾಮಾನ್ಯ ಸಂಖ್ಯೆಯನ್ನು ಗೊತ್ತುಮಾಡಿತು. ಇಂಥ ನಿಯಮವಿರುವಲ್ಲಿ ಎರಡನೆಯ ದೃಢೀಕರಣ ಎಲ್ಲಿದೆ ಎಂದು ಕೇಳಿದರೆ ಸಾಕು.

ಹಣ ಕಟ್ಟುವ ಪ್ರಶ್ನೆಗೆ: ಇಡೀ ಬಿಲ್ಲನ್ನು ತಡೆಹಿಡಿಯುವುದು ಜಾಣತನವಲ್ಲ. ಹಾಗೆ ಮಾಡಿದರೆ ನೀವು ತಕರಾರು ಮಾಡಿದ ಗ್ರಾಹಕರಾಗಿ ಉಳಿಯದೆ ಬಾಕಿದಾರರಾಗುತ್ತೀರಿ, ಕಂಪನಿಯ ಯಂತ್ರ ತಾನೇತಾನಾಗಿ ವಿಳಂಬ ಶುಲ್ಕ ಸೇರಿಸಿ ಕಡಿತದ ನೋಟಿಸು ಕಳುಹಿಸುತ್ತದೆ. ಒಪ್ಪುವ ಭಾಗವನ್ನು ಗಡುವಿನೊಳಗೆ ಕಟ್ಟಿ. ಒಪ್ಪದ ಮೊತ್ತ ಇಷ್ಟು, ಅದು ಇಂಥ ದೂರು ಸಂಖ್ಯೆಯಡಿ ತಕರಾರಿನಲ್ಲಿದೆ, ತೀರ್ಮಾನವಾಗುವವರೆಗೆ ಅದನ್ನು ಬಾಕಿಯೆಂದು ಎಣಿಸಬಾರದು ಎಂದು ಬರೆದು ತಿಳಿಸಿ. ತಕರಾರಿನ ಮೊತ್ತಕ್ಕಾಗಿ ಸಂಪರ್ಕ ಕಡಿಯಬಾರದೆಂಬ ರಕ್ಷಣೆ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯಾಗಿಲ್ಲ. ಕಡಿತದ ಭಯ ನಿಜವಾಗಿಯೂ ಇದ್ದರೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆದು ಕಟ್ಟಿ, ನಂತರ ಹಿಂದಕ್ಕೆ ಕೇಳಿ. ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಹೋಗುವ ಆಟೋಪೇ ಇದ್ದರೆ ಸದ್ಯಕ್ಕೆ ನಿಲ್ಲಿಸಿ, ಇಲ್ಲವಾದರೆ ಈ ಲೆಕ್ಕಾಚಾರಕ್ಕೆಲ್ಲ ಅವಕಾಶವೇ ಇರುವುದಿಲ್ಲ.

ಕಂಪನಿ ಒಪ್ಪದಿದ್ದರೆ ಮುಂದಿನ ಹೆಜ್ಜೆ ದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಭಾರತದಲ್ಲಿ ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ. ಗ್ರಾಹಕರ ವೇದಿಕೆಗಳು ದೂರಸಂಪರ್ಕ ಕಂಪನಿಗಳ ಮೇಲಿನ ದೂರನ್ನು ಆಲಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದ ಮೇಲೆ ಆ ದಾರಿಯ ಬಗೆಗಿನ ಗೊಂದಲ ತೀರಿದೆ. ಅಮೆರಿಕದಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ ಗ್ರಾಹಕರ ದೂರನ್ನು ನೇರವಾಗಿ ಸ್ವೀಕರಿಸಿ ಕಂಪನಿಗೆ ರವಾನಿಸುತ್ತದೆ. ಬ್ರಿಟನ್ನಿನಲ್ಲಿ ಪ್ರೀಮಿಯಂ ಸೇವೆಗಳ ಮೇಲ್ವಿಚಾರಣೆ 2025ರ ಫೆಬ್ರುವರಿಯಿಂದ ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ ಕೈಗೆ ಬಂದಿದೆ, ಒಬ್ಬೊಬ್ಬರ ವ್ಯಾಜ್ಯಕ್ಕೆ ಸ್ವತಂತ್ರ ಪರಿಹಾರ ಸಂಸ್ಥೆಗಳಿವೆ. ಎಲ್ಲೇ ಹೋದರೂ ಮೊದಲು ಕೇಳುವುದು ‘ಕಂಪನಿಗೆ ಯಾವಾಗ ಬರೆದಿರಿ, ಅವರೇನೆಂದರು’ ಎಂಬುದನ್ನೇ. ಆದ್ದರಿಂದ ‘ನಿಮ್ಮ ಅಂತಿಮ ನಿಲುವನ್ನು ಬರವಣಿಗೆಯಲ್ಲಿ ಕೊಡಿ’ ಎಂದು ಕೇಳಿ ಪಡೆಯಿರಿ.

ಕಿರುಗೆರೆ

ಮೂವರಿಗೂ ಧನ್ಯವಾದಗಳು. ಮನವಿದಾರರ ಪತ್ರವನ್ನು ನಮ್ಮ ವಿವರಗಳಿಗೆ ಹೊಂದಿಸಿ ಕಳುಹಿಸಿದೆ. ತಾಯಿಯವರ ಫೋನಿನಲ್ಲಿ ಸ್ಕ್ಯಾನರ್ ಆಪ್ ಒಂದಕ್ಕೆ ನೋಟಿಫಿಕೇಶನ್ ಓದುವ ಅನುಮತಿ ಇತ್ತು. ಚಿತ್ರ ತೆಗೆದಿಟ್ಟುಕೊಂಡು ಅದನ್ನು ಅಳಿಸಿದ್ದೇನೆ.

ಎರಡು ಹೊಸ ಸಮಸ್ಯೆಗಳು ತಲೆದೋರಿವೆ. ಕಂಪನಿಯ ಮೇಲ್ವಿಚಾರಕರು ತಡೆ ಹಾಕಲು ಒಪ್ಪಿದ್ದಾರೆ, ಆದರೆ ಹಾಕಿದರೆ ಎಲ್ಲ ಹೊರಗಿನ ಪಾವತಿಗಳೂ ನಿಲ್ಲುತ್ತವೆ, ಆರಿಸಿ ನಿಲ್ಲಿಸಲು ಬರುವುದಿಲ್ಲ ಎನ್ನುತ್ತಾರೆ. ನನ್ನ ತಂಗಿ ಆಪ್ ಸ್ಟೋರ್‌ನ ಖರೀದಿಗಳನ್ನು ಫೋನ್ ಬಿಲ್ಲಿನ ಮೂಲಕವೇ ಮಾಡುತ್ತಾಳೆ. ಇದಲ್ಲದೆ ನಿನ್ನೆ ತಾಯಿಯವರಿಗೆ ಒಂದು ಕರೆ ಬಂದಿತ್ತು. ಕಂಪನಿಯ ಮರುಪಾವತಿ ವಿಭಾಗದವರೆಂದು ಪರಿಚಯಿಸಿಕೊಂಡು, ಹಣ ಹಿಂದಿರುಗಿಸಲು ಒಂದು ಕೋಡ್ ಕಳುಹಿಸುತ್ತೇವೆ, ಅದನ್ನು ಓದಿ ಹೇಳಿ ಎಂದರಂತೆ. ತಾಯಿಯವರು ನನ್ನನ್ನು ಕೇಳುವುದಾಗಿ ಹೇಳಿ ಕರೆ ಮುಗಿಸಿದ್ದಾರೆ. ಇದು ಕಂಪನಿಯದ್ದೇ ಇರಬಹುದೇ?

ಹಳೆಯ ಲೆಕ್ಕಿಗ

ಆ ಕರೆ ಕಂಪನಿಯದ್ದಲ್ಲ ಎಂದೇ ನಡೆದುಕೊಳ್ಳಿ. ಬಿಲ್ಲಿಗೆ ಮರುಪಾವತಿ ಹಾಕಲು ಕಂಪನಿಗೆ ನಿಮ್ಮಿಂದ ಯಾವ ಕೋಡೂ ಬೇಕಾಗಿಲ್ಲ. ಖಾತೆ ಅವರ ಕೈಯಲ್ಲೇ ಇದೆ. ಅಂಥ ಕೋಡ್ ಹೊಸ ಚಂದಾದ ದೃಢೀಕರಣವಾಗಿರಬಹುದು, ನಿಮ್ಮ ಆನ್‌ಲೈನ್ ಖಾತೆಯ ಪಾಸ್‌ವರ್ಡ್ ಬದಲಿಸುವುದಕ್ಕಿರಬಹುದು, ಸಿಮ್ ಬದಲಿಸುವ ಯತ್ನವೂ ಆಗಿರಬಹುದು. ಕೊನೆಯದಾದರೆ ಹಾನಿ ಫೋನ್ ಬಿಲ್ಲಿಗೆ ನಿಲ್ಲದೆ ಬ್ಯಾಂಕಿನವರೆಗೆ ಹೋಗುತ್ತದೆ. ತಾಯಿಯವರು ಮಾಡಿದ್ದು ಸರಿಯಾಗಿದೆ. ನೀವು ಕಂಪನಿಯ ಆನ್‌ಲೈನ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಖಾತೆಗೆ ಪಿನ್ ಅಥವಾ ರಹಸ್ಯ ಪದ ಇಡುವ ಸೌಲಭ್ಯವಿದ್ದರೆ ಇರಿಸಿ. ಇಂಥ ಕರೆ ಮಾಡುವವರು ಕೆಲವೊಮ್ಮೆ ಯಾವುದೋ ನಕ್ಷತ್ರ ಚಿಹ್ನೆಯ ಸಂಖ್ಯೆಯನ್ನು ಒತ್ತಲು ಹೇಳಿ, ನಿಮ್ಮ ಕರೆಗಳು ಅವರ ಸಂಖ್ಯೆಗೆ ತಿರುಗುವಂತೆ ಮಾಡುತ್ತಾರೆ. ತಾಯಿಯವರು ಹಾಗೇನಾದರೂ ಒತ್ತಿದ್ದರೆ ##002# ಒತ್ತಿ ಕರೆ ಮಾಡಿ, ಎಲ್ಲ ತಿರುವುಗಳೂ ರದ್ದಾಗುತ್ತವೆ.

ತಂಗಿಯವರ ವಿಷಯ ಸುಲಭವಾಗಿಯೇ ಬಗೆಹರಿಯುತ್ತದೆ. ಅವರ ಆಪ್ ಸ್ಟೋರ್ ಪಾವತಿಯನ್ನು ಕಾರ್ಡಿಗೋ ಬೇರೆ ಪಾವತಿ ವಿಧಾನಕ್ಕೋ ಬದಲಿಸಿ, ನಂತರ ಮೂರೂ ಸಂಖ್ಯೆಗಳಿಗೆ ಪೂರ್ಣ ತಡೆ ಹಾಕಿಸಿ. ಫೋನ್ ಬಿಲ್ಲಿನ ಮೂಲಕ ಕೊಳ್ಳುವುದು ಅನುಕೂಲವೆನಿಸಿದರೂ, ಕಾರ್ಡಿನ ಪಾವತಿಗೆ ತಕರಾರು ಎತ್ತಲು ಇರುವಷ್ಟು ಗಟ್ಟಿಯಾದ ಕಾನೂನಿನ ರಕ್ಷಣೆ ಅದಕ್ಕೆ ಬಹಳ ಕಡೆ ಇಲ್ಲ. ಬಿಲ್ಲನ್ನು ಪಾವತಿಯ ಸಾಧನವಾಗಿ ಬಳಸುವುದನ್ನೇ ನಿಲ್ಲಿಸಿ ಎಂಬುದು ನನ್ನ ಸಲಹೆ. ಆರಿಸಿ ತಡೆಯುವುದಕ್ಕೆ ಬರುವುದಿಲ್ಲ ಎಂದು ಅವರು ಹೇಳಿದ್ದನ್ನು ನಿಮ್ಮ ಅದೃಷ್ಟವೆಂದೇ ತಿಳಿಯಿರಿ, ಆರಿಸುವ ಅವಕಾಶವಿದ್ದಲ್ಲಿ ನುಸುಳುವ ಅವಕಾಶವೂ ಇರುತ್ತದೆ.

ತಿರುವು

ಸಂಖ್ಯೆ ಬದಲಾಯಿಸುವ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬದಲಾಯಿಸಬೇಡಿ ಎನ್ನುತ್ತೇನೆ. ಬಳಕೆ ನಿಂತ ಸಂಖ್ಯೆಗಳನ್ನು ಕಂಪನಿಗಳು ಕೆಲಕಾಲ ತಡೆದಿಟ್ಟು ಮತ್ತೊಬ್ಬರಿಗೆ ಕೊಡುತ್ತವೆ, ಹಾಗಾಗಿ ಹೊಸದೆಂದು ಪಡೆದ ಸಂಖ್ಯೆಯ ಬೆನ್ನಿಗೆ ಹಿಂದಿನವರ ಚಂದಾಗಳೂ ಸಂದೇಶಗಳೂ ಅಂಟಿಕೊಂಡಿರುವುದು ಅಪರೂಪವಲ್ಲ. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸಿದರೆ ಹಳೆಯ ಕಂಪನಿಯ ಬಿಲ್ಲಿಂಗ್ ಕೊಂಡಿ ಕಡಿಯುತ್ತದೆ ಎಂಬುದು ನಿಜ. ಆದರೆ ಹೊಸ ಕಂಪನಿಯಲ್ಲಿ ಹೊರಗಿನವರ ಬಿಲ್ಲಿಂಗ್ ಮೊದಲ ದಿನದಿಂದಲೇ ತೆರೆದಿರಬಹುದು, ಮತ್ತು ಬಾಕಿಯಿದೆ ಎಂಬ ಕಾರಣಕ್ಕೆ ಹಳೆಯ ಕಂಪನಿ ವರ್ಗಾವಣೆಯನ್ನೇ ತಡೆಯಬಹುದು. ತಕರಾರು ಮುಗಿಯುವವರೆಗೆ ಇದ್ದಲ್ಲೇ ಇರುವುದು ಲೇಸು.

ವಿದೇಶಿ ಕರೆಗಳ ಅಗತ್ಯವೇ ಇಲ್ಲದ ಸಂಖ್ಯೆಗೆ ಹೊರಹೋಗುವ ಅಂತರರಾಷ್ಟ್ರೀಯ ಕರೆಗಳನ್ನೂ ತಡೆಯಿರಿ. ಜಿಎಸ್‌ಎಂ ಮಾದರಿಯ ಮೊಬೈಲ್ ಜಾಲದಲ್ಲಿ *#331# ಒತ್ತಿದರೆ ಆ ತಡೆ ಈಗ ಇದೆಯೇ ಇಲ್ಲವೇ ಎಂದು ತಿಳಿಯುತ್ತದೆ. ಎಲ್ಲ ಜಾಲಗಳೂ ಇದಕ್ಕೆ ಸ್ಪಂದಿಸುವುದಿಲ್ಲ, ಸ್ಪಂದಿಸದಿದ್ದರೆ ಕಂಪನಿಯನ್ನೇ ಕೇಳಿ ಹಾಕಿಸಿ.

ಕಿರುಗೆರೆ

ತಂಗಿಯ ಪಾವತಿಯನ್ನು ಕಾರ್ಡಿಗೆ ಬದಲಿಸಿದ ಮೇಲೆ ಮೂರು ಸಂಖ್ಯೆಗಳಿಗೂ ತಡೆ ಹಾಕಿಸಿದ್ದೇನೆ. ಮೊದಲು ಬಂದ ಇಮೇಲ್‌ನಲ್ಲಿ ‘ನಿಮ್ಮ ಕೋರಿಕೆಯನ್ನು ಪೂರೈಸಲಾಗಿದೆ’ ಎಂದಷ್ಟೇ ಇತ್ತು. ಯಾವ ಸಂಖ್ಯೆಗೆ ಯಾವ ತಡೆ ಎಂದು ಮತ್ತೆ ಬರೆದು ಕೇಳಿದಾಗ, ಪ್ರೀಮಿಯಂ ಎಸ್‌ಎಂಎಸ್ ತಡೆ ತಾಯಿಯವರ ಸಂಖ್ಯೆಗೆ ಮಾತ್ರ ಜಾರಿಯಾಗಿತ್ತು ಎಂಬುದು ಹೊರಬಿತ್ತು. ಈಗ ಮೂರಕ್ಕೂ ಸರಿಪಡಿಸಿ ಪಟ್ಟಿ ಕಳುಹಿಸಿದ್ದಾರೆ. ಒಪ್ಪಿಗೆಯ ದಾಖಲೆಯನ್ನು ಕೊಟ್ಟಿಲ್ಲ. ಅದರ ಬದಲು ಇತ್ತೀಚಿನ ಬಿಲ್ಲುಗಳ ಮೊತ್ತವನ್ನು ಹಿಂದಿರುಗಿಸುವುದಾಗಿಯೂ, ಅದಕ್ಕೂ ಹಿಂದಿನ ತಿಂಗಳುಗಳ ಹಣ ‘ನೀತಿಯ ಪ್ರಕಾರ’ ಸಿಗುವುದಿಲ್ಲವೆಂದೂ ಬರೆದಿದ್ದಾರೆ. ಇದನ್ನು ಒಪ್ಪಿಕೊಳ್ಳಬೇಕೇ?

ಮನವಿದಾರ

ಕೊಡುತ್ತಿರುವುದನ್ನು ಪಡೆದುಕೊಳ್ಳಿ, ಆದರೆ ‘ಭಾಗಶಃ ಮರುಪಾವತಿಯೆಂದು ಸ್ವೀಕರಿಸಿದ್ದೇನೆ, ಉಳಿದ ತಿಂಗಳುಗಳ ಬೇಡಿಕೆ ಮುಂದುವರಿಯುತ್ತದೆ’ ಎಂದು ಅದೇ ದಿನ ಬರೆದು ಕಳುಹಿಸಿ. ‘ಅಂತಿಮ ಇತ್ಯರ್ಥವಾಗಿ’ ಎಂಬ ಪದಗಳಿರುವ ಯಾವ ನಮೂನೆಗೂ ಒಪ್ಪಿಗೆ ಒತ್ತಬೇಡಿ. ಕಂಪನಿಯ ಒಳಗಿನ ನೀತಿ ಕಾನೂನಲ್ಲ. ಆ ನೀತಿ ನಿಮ್ಮ ಕರಾರಿನ ಯಾವ ಕಲಮಿನಲ್ಲಿದೆ ಎಂದು ಕೇಳಿ. ಬಿಲ್ಲಿನ ಬಗ್ಗೆ ಇಷ್ಟು ದಿನದೊಳಗೆ ಆಕ್ಷೇಪಿಸಬೇಕು ಎಂಬ ಷರತ್ತು ಕರಾರಿನಲ್ಲಿ ಇರುವುದುಂಟು, ಇದ್ದರೆ ಅದನ್ನು ಓದಿಕೊಂಡೇ ಮುಂದುವರಿಯಿರಿ. ಹೊರಗಿನವರ ಶುಲ್ಕವನ್ನು ಬಿಲ್ಲಿನ ಮೊದಲ ಪುಟದಲ್ಲಿ ತೋರಿಸದೆ ಒಳಪುಟದಲ್ಲಿ ಅಸ್ಪಷ್ಟ ಹೆಸರಿನಲ್ಲಿ ಇಟ್ಟಿದ್ದರಿಂದಲೇ ತಡವಾಗಿ ತಿಳಿಯಿತು ಎಂಬುದು ನಿಮ್ಮ ಉತ್ತರವಾಗಿರಲಿ. ಟಿ-ಮೊಬೈಲ್ ಪ್ರಕರಣದಲ್ಲಿ ಅಮೆರಿಕದ ಆಯೋಗ ಎತ್ತಿ ತೋರಿಸಿದ ದೋಷಗಳಲ್ಲಿ ಬಿಲ್ಲಿನೊಳಗೆ ಶುಲ್ಕವನ್ನು ಹೀಗೆ ಹೂತಿಡುವುದೂ ಒಂದಾಗಿತ್ತು.

ಅವರೇ ತಡೆಯ ಪಟ್ಟಿಯನ್ನು ಒಮ್ಮೆ ತಿದ್ದಿ ಕಳುಹಿಸಿದ್ದಾರಲ್ಲ, ಆ ಎರಡೂ ಇಮೇಲ್‌ಗಳನ್ನು ಮೇಲ್ಮನವಿಗೆ ಲಗತ್ತಿಸಿ. ‘ಕೋರಿಕೆ ಪೂರೈಸಲಾಗಿದೆ’ ಎಂದು ಹೇಳಿ ಪೂರೈಸದೆ ಬಿಟ್ಟದ್ದಕ್ಕೆ ಅವು ಅವರದೇ ಕೈಬರಹದ ಸಾಕ್ಷಿ. ಯೋಜನೆ ಬದಲಿಸಿದಾಗ, ಹೊಸ ಸಿಮ್ ಪಡೆದಾಗ ಅಥವಾ ಖಾತೆಗೆ ಮತ್ತೊಂದು ಸಂಖ್ಯೆ ಸೇರಿಸಿದಾಗ ತಡೆ ತಾನಾಗಿ ಮುಂದುವರಿಯುತ್ತದೆ ಎಂದು ಎಣಿಸಬೇಡಿ. ಆಯಾ ಸಂದರ್ಭದಲ್ಲಿ ಇದೇ ಪಟ್ಟಿಯನ್ನು ಮತ್ತೆ ಕೇಳಿ ತರಿಸಿಕೊಳ್ಳಿ.